ಮದ್ದೂರಿನ ಫಲಾಹಾರ ಗೃಹಗಳು: ಮಾರ್ಗದ ಚರಿತ್ರೆಯ ಒಂದು ಅಧ್ಯಾಯ

೧

ನಮ್ಮ ನಾಡಿನ ಚರಿತ್ರೆಯನ್ನು ಬರೆದ ವಿದ್ವಾಂಸರು ಅರಸುಮನೆತನಗಳನ್ನೂ ಕೋಟೆಕೊತ್ತಲಗಳನ್ನೂ ದೇವಾಲಯ ಶಾಸನಗಳನ್ನೂ ಆದರದಿಂದ ಪರಿಶೀಲಿಸಿದ್ದಾರೆ. ಈ ನಾಡಿನ ಹಾದಿಗಳಲ್ಲಿ ಸಂಚರಿಸಿದ ಸಾಮಾನ್ಯ ಮನುಷ್ಯನು ಹಸಿದಾಗ ಎಲ್ಲಿ ಉಂಡನು, ಯಾರು ಮಾಡಿದ್ದನ್ನು ಉಂಡನು, ಎಷ್ಟು ಹೊತ್ತು ಕುಳಿತು ಉಂಡನು ಎಂಬ ವಿಷಯವು ಮಾತ್ರ ಅವರ ಲೇಖನಿಗೆ ವಿರಳವಾಗಿ ಸಿಕ್ಕಿದೆ. ಊಟದ ವಿಷಯವು ಚರಿತ್ರೆಯ ಘನತೆಗೆ ತಕ್ಕುದಲ್ಲವೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಈ ಭಾವನೆಯು ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದು ಮಾರ್ಗದ ಮೇಲಿನ ಊಟದ ಮನೆಗಳನ್ನು ನೋಡಿದರೆ ಆ ಮಾರ್ಗದಲ್ಲಿ ಜನರು ಹೇಗೆ, ಎಷ್ಟು ವೇಗದಲ್ಲಿ, ಯಾವ ಉದ್ದೇಶದಿಂದ ಸಂಚರಿಸುತ್ತಿದ್ದರೆಂಬುದು ವಿಶದವಾಗುತ್ತದೆ.

ಬೆಂಗಳೂರಿಗೂ ಮೈಸೂರಿಗೂ ನಡುವೆ ಇರುವ ಮದ್ದೂರು ಇಂತಹ ಪರಿಶೀಲನೆಗೆ ಅತ್ಯಂತ ಅನುಕೂಲವಾದ ಊರು. ಅದರ ಹೆಸರನ್ನು ಕೇಳಿದೊಡನೆ ಕನ್ನಡಿಗರ ನೆನಪಿಗೆ ಬರುವುದು ಉಗ್ರನರಸಿಂಹನ ಗುಡಿಯಲ್ಲ, ಶಿಂಷಾ ನದಿಯೂ ಅಲ್ಲ, ವಡೆ. ಒಂದು ತಿಂಡಿಯು ಒಂದು ಊರಿನ ಹೆಸರನ್ನು ಇಷ್ಟು ದೂರ ಹೊತ್ತುಕೊಂಡು ಹೋದದ್ದು ಹೇಗೆ, ಆ ತಿಂಡಿಯನ್ನು ಮಾರಿದ ಮನೆಗಳ ಏಳುಬೀಳಿಗೆ ಕಾರಣವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ಮದ್ದೂರಿನ ಫಲಾಹಾರ ಗೃಹಗಳನ್ನು ನಿರ್ಮಿಸಿದ್ದು ಊರಿನವರ ರುಚಿಗಿಂತ ಹೆಚ್ಚಾಗಿ ಪ್ರಯಾಣಿಕನು ಅಲ್ಲಿ ನಿಲ್ಲಬೇಕಾಗಿದ್ದ ಕಾಲ. ಆ ಕಾಲವು ಬದಲಾದಂತೆಲ್ಲ ಆ ಗೃಹಗಳ ಸ್ವರೂಪವೂ ಬದಲಾಗಿದೆ ಎಂಬುದು ನಮ್ಮ ಪ್ರತಿಪಾದನೆ.

೨

ರೈಲು ಬರುವುದಕ್ಕೆ ಮುಂಚೆಯೂ ಮದ್ದೂರು ಹಾದಿಯ ಊರೇ ಆಗಿತ್ತು. ೧೮೦೦ರಲ್ಲಿ ಫ್ರಾನ್ಸಿಸ್ ಬುಕಾನನ್ನನು ಮದರಾಸಿನಿಂದ ಹೊರಟು, ಬೆಂಗಳೂರಿನ ಮೂಲಕ ಶ್ರೀರಂಗಪಟ್ಟಣಕ್ಕೆ ಹೋದದ್ದು ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ದಾರಿಯಲ್ಲಿ. ಇದಕ್ಕೆ ದಕ್ಷಿಣದಲ್ಲಿ ಕನಕಪುರ, ಮಳವಳ್ಳಿಗಳ ಮೂಲಕ ಸಾಗುವ ಇನ್ನೊಂದು ದಾರಿಯಿತ್ತು. ೧೭೯೯ರಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಶ್ರೀರಂಗಪಟ್ಟಣದ ಮೇಲೆ ನಡೆದದ್ದು ಈ ದಾರಿಯಲ್ಲಿ. ಆ ವರ್ಷದ ಮಾರ್ಚ್ ೨೭ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಅದಕ್ಕೂ ಕದನವಾಯಿತು. ಸೈನ್ಯಗಳು ತಮ್ಮ ದವಸವನ್ನು ತಾವೇ ಹೊತ್ತು ನಡೆದುವು. ಬಡ ದಾರಿಹೋಕನೂ ಹಾಗೆಯೇ ನಡೆದನು.

ಆಗಿನ ಪಥಿಕನಿಗೆ ಮೂರು ಆಸರೆಗಳಿದ್ದುವು: ಮನೆಯಿಂದ ಕಟ್ಟಿ ತಂದ ಬುತ್ತಿ, ದಾನಿಗಳು ಕಟ್ಟಿಸಿದ ಛತ್ರ, ನೆಂಟರ ಮನೆ. ಛತ್ರಗಳಿಗೂ ಅರವಟ್ಟಿಗೆಗಳಿಗೂ ಭೂಮಿಯನ್ನು ಬಿಟ್ಟ ಸಂಗತಿಯನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಅನ್ನವು ದಾನದ ವಸ್ತು, ಮಾರಾಟದ ವಸ್ತುವಲ್ಲ. ಅನ್ನವಿಕ್ರಯವು ಪಾಪವೆಂಬ ನಂಬಿಕೆ ಬಲವಾಗಿತ್ತು. ಇದರ ಜತೆಗೆ, ಬೇರೆ ಜಾತಿಯವರು ಮಾಡಿದ ಅಡುಗೆಯನ್ನು ಉಣ್ಣಬಾರದೆಂಬ ಕಟ್ಟೂ ಇತ್ತು. ಈ ಎರಡು ಕಾರಣಗಳಿಂದ, ಹಣವನ್ನು ತೆತ್ತು ಅಪರಿಚಿತರ ನಡುವೆ ಕುಳಿತು ಉಣ್ಣುವ ಮನೆಯು ನಮ್ಮಲ್ಲಿ ಬೆಳೆಯಲು ಅವಕಾಶ ಕಡಿಮೆಯಾಗಿತ್ತು. ವಿದೇಶೀಯರು ಈ ದೇಶವನ್ನು ಕಂಡ ಬಗೆಯನ್ನು ಮಂಡ್ಯ ಜಿಲ್ಲೆಯವರೇ ಆದ ಎಚ್. ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ಸಂಗ್ರಹಿಸಿಕೊಟ್ಟಿದ್ದಾರೆ. ಹಾದಿಯ ಊಟದ ಸಂಗತಿಯನ್ನು ತಿಳಿಯಬಯಸುವವರಿಗೂ ಅಂತಹ ಪ್ರವಾಸಕಥನಗಳು ಒಂದು ಮುಖ್ಯ ಆಕರ.

೩

ಈ ಸ್ಥಿತಿಯನ್ನು ಬದಲಾಯಿಸಿದ್ದು ರೈಲು. ೧೮೭೬–೭೮ರ ಭೀಕರ ಕ್ಷಾಮದ ಹಿನ್ನೆಲೆಯಲ್ಲಿ ಕೈಗೂಡಿದ ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗವು ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣವು ಗಂಟೆಗಳ ಲೆಕ್ಕಕ್ಕೆ ಇಳಿಯಿತು. ದಿನಗಟ್ಟಲೆಯ ಪ್ರಯಾಣಕ್ಕೆ ಛತ್ರ ಬೇಕು, ಒಲೆ ಬೇಕು, ರಾತ್ರಿಯ ತಂಗುದಾಣ ಬೇಕು. ಗಂಟೆಗಳ ಪ್ರಯಾಣಕ್ಕೆ ಬೇಕಾದದ್ದು ಒಂದು ಹೊತ್ತಿನ ಫಲಾಹಾರ ಮಾತ್ರ. ಮದ್ದೂರು ಬೆಂಗಳೂರಿನಿಂದ ಸುಮಾರು ೮೦ ಕಿಲೋಮೀಟರು, ಮೈಸೂರಿನಿಂದ ಸುಮಾರು ೬೦ ಕಿಲೋಮೀಟರು ದೂರದಲ್ಲಿದೆ. ಎರಡು ನಗರಗಳಲ್ಲಿ ಯಾವುದರಿಂದ ಹೊರಟವನಿಗೂ ಹಸಿವು ಕಾಣಿಸಿಕೊಳ್ಳುವ ಜಾಗ ಇದು.

ಮಾರ್ಗವು ಒಂಟಿ ಹಳಿಯದಾದುದರಿಂದ ಎದುರುಬದುರಾಗಿ ಬರುವ ಗಾಡಿಗಳು ನಿಲ್ದಾಣಗಳಲ್ಲಿ ಮಾತ್ರವೇ ಒಂದನ್ನೊಂದು ದಾಟಬೇಕಾಗಿತ್ತು. ಒಂದು ಗಾಡಿಯು ಮತ್ತೊಂದಕ್ಕಾಗಿ ಕಾಯುವ ಈ ಬಿಡುವೇ ನಿಲ್ದಾಣದ ಫಲಾಹಾರಕ್ಕೆ ಆಧಾರ. ಬಿಡುವಿನ ಈ ಮಹತ್ವವು ಹೊರದೇಶಗಳಲ್ಲಿಯೂ ಕಾಣುತ್ತದೆ. ಇಂಗ್ಲೆಂಡಿನ ಸ್ವಿಂಡನ್ ನಿಲ್ದಾಣದಲ್ಲಿ ಫಲಾಹಾರದ ಕೊಠಡಿಯನ್ನು ಗುತ್ತಿಗೆಗೆ ಕೊಟ್ಟ ರೈಲು ಕಂಪೆನಿಯು, ತನ್ನ ಗಾಡಿಗಳನ್ನು ಅಲ್ಲಿ ಹತ್ತು ನಿಮಿಷ ನಿಲ್ಲಿಸುವುದಾಗಿ ಕರಾರು ಮಾಡಿಕೊಂಡು, ೧೮೯೫ರವರೆಗೂ ಅದರಿಂದ ಬಿಡಿಸಿಕೊಳ್ಳಲಾರದೆ ಹೋಯಿತು. ಜಪಾನಿನಲ್ಲಿ ನಿಲ್ದಾಣದ ಬುತ್ತಿಯ ಮಾರಾಟವು ೧೮೮೫ರಲ್ಲಿ ಉತ್ಸುನೊಮಿಯಾ ಎಂಬಲ್ಲಿ ಮೊದಲಾಯಿತೆಂಬ ಪ್ರತೀತಿಯಿದೆ; ಅಲ್ಲಿಯೂ ಒಂದೊಂದು ನಿಲ್ದಾಣಕ್ಕೆ ಒಂದೊಂದು ಬುತ್ತಿ ಹೆಸರಾಯಿತು. ಮದ್ದೂರಿನ ಸಂಗತಿಯು ಈ ವಿಶಾಲವಾದ ಚರಿತ್ರೆಯ ಒಂದು ಭಾಗವೆಂಬುದನ್ನು ನೆನಪಿನಲ್ಲಿಡಬೇಕು.

ಮದ್ದೂರಿನ ವಡೆಯ ಉತ್ಪತ್ತಿಯನ್ನು ಕುರಿತು ಪ್ರಚಲಿತವಾಗಿರುವ ಕಥೆ ಹೀಗಿದೆ. ರಾಮಚಂದ್ರ ಬುದ್ಯ ಎಂಬವರು ಮದ್ದೂರಿನ ರೈಲು ನಿಲ್ದಾಣದಲ್ಲಿ ಸಸ್ಯಾಹಾರದ ಫಲಾಹಾರ ಮಂದಿರವನ್ನು ನಡೆಸುತ್ತಿದ್ದರು. ಪ್ರಯಾಣಿಕರಿಗೆ ಇಡ್ಲಿಯನ್ನೂ ಪಕೋಡವನ್ನೂ ಮಾರುತ್ತಿದ್ದರು. ೧೯೧೭ರಲ್ಲಿ ಒಂದು ದಿನ ಗಾಡಿಯು ನಿಯತ ವೇಳೆಗಿಂತ ಮುಂಚೆಯೇ ಬಂದುಬಿಟ್ಟಿತು. ಪಕೋಡವನ್ನು ಮಾಡಲು ಸಮಯ ಸಾಲದೆ, ಕಲಸಿದ ಹಿಟ್ಟನ್ನು ಕೈಯಲ್ಲಿ ತಟ್ಟಿ ಚಪ್ಪಟೆಯಾಗಿಸಿ ಎಣ್ಣೆಗೆ ಬಿಟ್ಟರು. ಜನ ಅದನ್ನು ಮೆಚ್ಚಿ ಮತ್ತೆ ಮತ್ತೆ ಕೇಳಿದರು.

ಈ ಕಥೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ತಿಂಡಿಗಳ ಹುಟ್ಟನ್ನು ಒಂದು ದಿನದ ಆಕಸ್ಮಿಕಕ್ಕೆ ಆರೋಪಿಸುವುದು ನಮ್ಮ ಹೋಟೆಲುಗಳ ಪರಂಪರೆಯಲ್ಲಿ ವಾಡಿಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಹೇಳುವುದು ಇದೇ ಜಾತಿಯ ಕಥೆ. ಅರಮನೆಯ ಬಾಣಸಿಗರ ಕೈಯಲ್ಲಿ ಮೈಸೂರು ಪಾಕ್ ಮೂಡಿತೆಂಬ ಐತಿಹ್ಯವೂ ಇಂಥದೇ. ಇಂತಹ ಕಥೆಗಳನ್ನು ದಾಖಲೆಗಳೆಂದು ಹಿಡಿಯಲಾಗದು. ಹಾಗೆಂದು ತಳ್ಳಿಬಿಡುವುದೂ ಯುಕ್ತವಲ್ಲ. ಅರಮನೆಯ ತಿಂಡಿಯ ಕಥೆಯಲ್ಲಿ ಪ್ರಭುವಿನ ಮೆಚ್ಚುಗೆ ಮುಖ್ಯ. ಯುದ್ಧಕಾಲದ ತಿಂಡಿಯ ಕಥೆಯಲ್ಲಿ ಧಾನ್ಯದ ಅಭಾವ ಮುಖ್ಯ. ಮದ್ದೂರಿನ ಕಥೆಯಲ್ಲಿ ಮುಖ್ಯವಾಗಿರುವುದು ಗಡಿಯಾರ. ಘಟನೆ ನಡೆದಿರಲಿ ಬಿಡಲಿ, ಆ ಅಡುಗೆಮನೆಯ ಯಜಮಾನನು ರೈಲಿನ ವೇಳಾಪಟ್ಟಿಯೇ ಆಗಿದ್ದನೆಂಬ ಸತ್ಯವನ್ನು ಈ ಕಥೆ ಕಾಪಾಡಿಕೊಂಡು ಬಂದಿದೆ.

೪

ಕಥೆಗಿಂತ ಗಟ್ಟಿಯಾದ ಸಾಕ್ಷ್ಯವು ವಡೆಯಲ್ಲಿಯೇ ಇದೆ. ‘ವಡೆ’ ಎಂಬ ಶಬ್ದವು ಸಂಸ್ಕೃತದ ‘ವಟಕ’ಕ್ಕೆ ಸಂಬಂಧಿಸಿದ್ದು. ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಟಕಗಳ ಪ್ರಸ್ತಾಪವಿದೆ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿಯೂ, ಹದಿನಾರನೆಯ ಶತಮಾನದ ಆದಿಯ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿಯೂ ಪಾಕವಿಧಾನಗಳ ನಿರೂಪಣೆಯಿದೆ. ಈ ಹಳೆಯ ಪರಂಪರೆಯ ವಡೆಯು ಬೇಳೆಯದು. ಉದ್ದನ್ನೋ ಕಡಲೆಬೇಳೆಯನ್ನೋ ಗಂಟೆಗಟ್ಟಲೆ ನೆನೆಯಿಟ್ಟು, ಒರಳಿನಲ್ಲಿ ರುಬ್ಬಿ, ಬಿಸಿಬಿಸಿಯಾಗಿರುವಾಗಲೇ ತಿನ್ನತಕ್ಕದ್ದು. ಅದು ಮನೆಯ ತಿಂಡಿ, ಹಬ್ಬದ ತಿಂಡಿ, ಸಾವಕಾಶವಿದ್ದವರ ತಿಂಡಿ.

ಮದ್ದೂರಿನ ವಡೆಯು ಈ ಪರಂಪರೆಯಿಂದ ಹೆಸರನ್ನು ಮಾತ್ರ ತೆಗೆದುಕೊಂಡಿತು. ಮೈದಾ, ಸಣ್ಣ ರವೆ, ಅಕ್ಕಿಹಿಟ್ಟು ಇವುಗಳಿಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು, ಉಪ್ಪು, ಕಾಯಿಸಿದ ಎಣ್ಣೆ ಅಥವಾ ತುಪ್ಪವನ್ನು ಸೇರಿಸಿ, ನೀರನ್ನು ಮಿತವಾಗಿ ಬಳಸಿ ಗಟ್ಟಿಯಾಗಿ ಕಲಸುತ್ತಾರೆ. ಅಂಗೈಯಗಲಕ್ಕೆ ತಟ್ಟಿ, ಹದವಾದ ಉರಿಯಲ್ಲಿ ಕೆಂಪಗೆ ಕರಿಯುತ್ತಾರೆ. ಇದರ ಒಂದೊಂದು ಲಕ್ಷಣಕ್ಕೂ ಮಾರ್ಗದ ಅಗತ್ಯವೊಂದು ಉತ್ತರವಾಗಿ ನಿಲ್ಲುತ್ತದೆ. ನೆನೆಯಿಡುವುದೂ ರುಬ್ಬುವುದೂ ಇಲ್ಲವಾದ್ದರಿಂದ ಗಾಡಿ ಬರುವ ಸೂಚನೆ ಸಿಕ್ಕ ಮೇಲೂ ಹಿಟ್ಟನ್ನು ಕಲಸಬಹುದು. ಚಪ್ಪಟೆಯಾಗಿರುವುದರಿಂದ ಒಳಗೂ ಹೊರಗೂ ಒಂದೇ ಸಮನಾಗಿ ಬೇಯುತ್ತದೆ. ಒಂದರ ಮೇಲೊಂದನ್ನು ಜೋಡಿಸಿ ಬುಟ್ಟಿಯಲ್ಲಿ ಹೊರಬಹುದು. ತೇವಾಂಶ ಕಡಿಮೆಯಾಗಿ ಗರಿಗರಿಯಾಗಿರುವುದರಿಂದ ಆರಿದ ಮೇಲೂ ರುಚಿ ಕೆಡುವುದಿಲ್ಲ. ಚಟ್ನಿ, ಸಾಂಬಾರುಗಳ ಹಂಗಿಲ್ಲದೆ, ತಟ್ಟೆ ಲೋಟಗಳಿಲ್ಲದೆ, ಕಾಗದದ ಪೊಟ್ಟಣದಲ್ಲಿ ಕಿಟಕಿಯ ಮೂಲಕ ಕೈಗಿಡಬಹುದು. ಗಾಡಿ ಹೊರಟರೆ ಪ್ರಯಾಣಿಕನು ಹಿಂದಿರುಗಿಸಬೇಕಾದ ಪಾತ್ರೆಯೊಂದೂ ಉಳಿಯುವುದಿಲ್ಲ. ನಿಮಿಷಗಳ ಲೆಕ್ಕದಲ್ಲಿ ನಡೆಯುವ ವ್ಯಾಪಾರಕ್ಕೆ ಇದಕ್ಕಿಂತ ಒಪ್ಪುವ ತಿಂಡಿ ಸಿಕ್ಕುವುದು ಕಷ್ಟ.

ಇನ್ನೊಂದು ಅಂಶವೂ ಗಮನಾರ್ಹ. ಮಂಡ್ಯ ಸೀಮೆಯ ರೈತರ ಆಹಾರ ರಾಗಿ. ಮುದ್ದೆ, ಬಸ್ಸಾರು, ಉಪ್ಪೆಸರುಗಳು ಇಲ್ಲಿಯ ಮನೆಯೂಟ. ಮೈದಾ ಹಿಟ್ಟು ಈ ನೆಲದ್ದಲ್ಲ. ಗೋಧಿಯ ತೌಡನ್ನು ಪೂರ್ತಿಯಾಗಿ ಬೇರ್ಪಡಿಸಿ ನುಣುಪಾದ ಬಿಳಿಯ ಹಿಟ್ಟನ್ನು ಹೇರಳವಾಗಿ ತೆಗೆಯುವುದು ಉಕ್ಕಿನ ಉರುಳೆಗಳ ಗಿರಣಿಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಚಾರಕ್ಕೆ ಬಂದ ಮೇಲೆ ಸುಲಭವಾಯಿತು. ಅಂತಹ ಹಿಟ್ಟಿನ ಮೂಟೆಗಳನ್ನು ಈ ಊರಿಗೆ ತಂದುದೂ ಆ ಹಳಿಗಳೇ ಎಂದು ಊಹಿಸಲವಕಾಶವಿದೆ. ಆದುದರಿಂದ ಮದ್ದೂರಿನ ವಡೆಯು ಮದ್ದೂರಿನ ಹೊಲಗಳಲ್ಲಿ ಹುಟ್ಟಿದ್ದಲ್ಲ, ಮದ್ದೂರಿನ ನಿಲ್ದಾಣದಲ್ಲಿ ಹುಟ್ಟಿದ್ದು. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಧಾರವಾಡದ ಪೇಡೆಯನ್ನು ಪ್ರಸಿದ್ಧಿಗೆ ತಂದವರು ಉತ್ತರ ಪ್ರದೇಶದ ಉನ್ನಾವಿನಿಂದ ವಲಸೆ ಬಂದ ಮನೆತನದವರು. ಊರಿನ ಹೆಸರಿನ ತಿಂಡಿಯನ್ನು ಹೊರಗಿನಿಂದ ಬಂದವರು ಮಾಡಿದ್ದು, ಹೊರಗಿನವರೇ ಕೊಂಡದ್ದು ನಮ್ಮ ನಾಡಿನಲ್ಲಿ ಅಪೂರ್ವವಲ್ಲ.

೫

ಇಂತಹ ಮನೆಗಳನ್ನು ನಡೆಸಲು ಮುಂದೆ ಬಂದವರಲ್ಲಿ ಕರಾವಳಿಯ ಉಡುಪಿ, ಕುಂದಾಪುರ ಸೀಮೆಗಳ ಬ್ರಾಹ್ಮಣರು ಪ್ರಮುಖರು. ೧೯೨೧ರಲ್ಲಿ ಮೈಸೂರಿನಲ್ಲಿ ಕೆ. ಸೀತಾರಾಮರಾಯರು ಆರಂಭಿಸಿದ ದಾಸಪ್ರಕಾಶ, ೧೯೨೪ರಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂದು ಪ್ರಾರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಮಂದಿರ ಇವು ಆ ವಲಸೆಯ ಪ್ರಸಿದ್ಧ ನಿದರ್ಶನಗಳು. ‘ಬ್ರಾಹ್ಮಣರ’ ಎಂಬ ಫಲಕವು ಅಡುಗೆಯ ಶುದ್ಧಿಗೆ ಕೊಟ್ಟ ಭರವಸೆಯಾಗಿದ್ದಂತೆಯೇ ಕೆಲವರಿಗೆ ಹಾಕಿದ ಬಾಗಿಲೂ ಆಗಿತ್ತು. ಒಳಗೆ ಕೂಡುವ ಜಾಗವನ್ನು ಜಾತಿಯ ಪ್ರಕಾರ ವಿಂಗಡಿಸುವುದು, ಅಸ್ಪೃಶ್ಯರೆನಿಸಿದವರನ್ನು ಹೊರಗೇ ನಿಲ್ಲಿಸುವುದು ಆ ಕಾಲದ ಹೋಟೆಲುಗಳಲ್ಲಿ ನಡೆಯುತ್ತಿದ್ದ ಪದ್ಧತಿ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶವನ್ನು ಹೆಸರಿಸಿ ರಕ್ಷಿಸಬೇಕಾಯಿತೆಂಬುದೇ ಈ ಪದ್ಧತಿಯ ಬಲಕ್ಕೆ ಸಾಕ್ಷಿ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅದಕ್ಕೆ ದಂಡನೆಯನ್ನು ವಿಧಿಸಿತು. ಈ ದೃಷ್ಟಿಯಿಂದ ನೋಡಿದರೆ ರೈಲಿನ ಕಿಟಕಿಯ ವ್ಯಾಪಾರಕ್ಕೆ ವಿಶೇಷವಾದ ಅರ್ಥವಿದೆ. ಅಲ್ಲಿ ಪಂಕ್ತಿಯಿಲ್ಲ. ಮಾರುವವನಿಗೆ ಕಾಣುತ್ತಿದ್ದುದು ಕಾಸನ್ನು ಹಿಡಿದು ಚಾಚಿದ ಕೈ ಮಾತ್ರ. ನಿಲ್ದಾಣಗಳಲ್ಲಿಯೂ ಜಾತಿಭೇದ ಇರಲಿಲ್ಲವೆಂದು ಹೇಳಲಾಗದು. ಆದರೆ ಪೊಟ್ಟಣದ ತಿಂಡಿಯು ಪಂಕ್ತಿಯ ಪ್ರಶ್ನೆಯನ್ನು ಬಹುಮಟ್ಟಿಗೆ ಬದಿಗೊತ್ತಿತು.

ಮದ್ದೂರನ್ನು ಅದರ ನೆರೆಯ ಎರಡು ಊರುಗಳೊಡನೆ ಹೋಲಿಸಿದರೆ ನಮ್ಮ ಪ್ರತಿಪಾದನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಂಡ್ಯವು ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಬೆಳೆದ ಊರು. ಅಲ್ಲಿಯ ಸಕ್ಕರೆ ಕಾರ್ಖಾನೆಯ ಕಂಪೆನಿಯು ೧೯೩೩ರಲ್ಲಿ ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಜಿಲ್ಲೆಯ ಕೇಂದ್ರವಾಯಿತು. ಅಲ್ಲಿಯ ಹೋಟೆಲುಗಳಿಗೆ ಗಿರಾಕಿಗಳು ಕಬ್ಬಿನ ಗಾಡಿಯೊಡನೆ ಬಂದ ರೈತರು, ಕಚೇರಿಯ ಗುಮಾಸ್ತರು, ನ್ಯಾಯಾಲಯಕ್ಕೆ ಬಂದ ಕಕ್ಷಿಗಾರರು. ಇವರು ದಿನವೆಲ್ಲ ಊರಿನಲ್ಲಿರುವವರು. ಇವರಿಗೆ ಬೇಕಾದದ್ದು ಹೊಟ್ಟೆ ತುಂಬುವ ಊಟ. ಮಳವಳ್ಳಿಯು ಶಿವನಸಮುದ್ರ, ಕೊಳ್ಳೇಗಾಲ, ಮಲೆ ಮಹದೇಶ್ವರ ಬೆಟ್ಟಗಳ ದಾರಿಯಲ್ಲಿದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಮೇಲೆ ಆ ಸ್ಥಳದ ಖ್ಯಾತಿ ಹೆಚ್ಚಿತು. ಗಗನಚುಕ್ಕಿ, ಭರಚುಕ್ಕಿಗಳನ್ನು ನೋಡಲು ರೈಲಿನಲ್ಲಿ ಬಂದವರು ಮದ್ದೂರಿನಲ್ಲಿ ಇಳಿದು ಮಳವಳ್ಳಿಯ ರಸ್ತೆಯನ್ನು ಹಿಡಿಯಬಹುದಾಗಿತ್ತು. ಮಳವಳ್ಳಿಯ ಗಿರಾಕಿಯು ಕಾಲಕ್ಕೆ ತಕ್ಕಂತೆ ಬದಲಾಗುವವನು: ಮಳೆಗಾಲದಲ್ಲಿ ಜಲಪಾತದ ಪ್ರವಾಸಿ, ಜಾತ್ರೆಯ ಕಾಲದಲ್ಲಿ ಮಾದಪ್ಪನ ಭಕ್ತ. ಈ ಮೂರು ಊರುಗಳು ಒಂದೇ ಜಿಲ್ಲೆಯಲ್ಲಿ, ಒಂದೇ ನೀರಾವರಿಯ ಬಯಲಿನಲ್ಲಿವೆ. ಆದರೂ ನಾಡಿಗೆಲ್ಲ ತಿಳಿದ ತಿಂಡಿಯೊಂದು ಹುಟ್ಟಿದ್ದು ನಿಮಿಷಗಳ ನಿಲುಗಡೆಯಿದ್ದ ಮದ್ದೂರಿನಲ್ಲಿ ಮಾತ್ರ.

೬

ಸ್ವಾತಂತ್ರ್ಯದ ನಂತರ ಬಸ್ಸುಗಳೂ ಕಾರುಗಳೂ ಹೆಚ್ಚಿದಂತೆ ಫಲಾಹಾರದ ಕೇಂದ್ರವು ನಿಲ್ದಾಣದಿಂದ ರಸ್ತೆಯ ಅಂಚಿಗೆ ಸರಿಯಿತು. ಕಿಟಕಿಯ ಗಿರಾಕಿಯು ಮೇಜಿನ ಗಿರಾಕಿಯಾದನು. ಕುಳಿತವನಿಗೆ ಸಾವಕಾಶವಿದೆ, ಆದುದರಿಂದ ವಡೆಯ ಪಕ್ಕದಲ್ಲಿ ಚಟ್ನಿ ಬಂತು, ದೋಸೆ ಬಂತು, ಕಾಫಿಯ ಲೋಟ ಬಂತು. ಮದ್ದೂರು ಟಿಫಾನೀಸ್‌ನಂತಹ ಉಪಾಹಾರ ಗೃಹಗಳು ಈ ಕಾಲದ ಪ್ರತಿನಿಧಿಗಳು. ಮೈಸೂರಿನ ದಸರೆಗೋ ಕೃಷ್ಣರಾಜಸಾಗರದ ಬೃಂದಾವನಕ್ಕೋ ಹೊರಟ ಕುಟುಂಬಗಳಿಗೆ ಇಲ್ಲಿ ನಿಲ್ಲುವುದು ಪ್ರವಾಸದ ಒಂದು ಅಂಗವೇ ಆಯಿತು. ಹಸಿವಿಲ್ಲದವರೂ ಇಳಿದರು. ಮಾರ್ಗದ ಅನಿವಾರ್ಯತೆಯಿಂದ ಹುಟ್ಟಿದ ತಿಂಡಿಯು ಈಗ ಮಾರ್ಗದ ಆಕರ್ಷಣೆಯಾಯಿತು. ೨೦೦೦ರ ದಶಕದಲ್ಲಿ ರಾಜ್ಯ ಹೆದ್ದಾರಿಯು ನಾಲ್ಕು ಪಥಗಳಾದಾಗಲೂ ಅದು ಊರುಗಳ ನಡುವೆಯೇ ಹಾದುಹೋಗುತ್ತಿದ್ದುದರಿಂದ ಈ ವ್ಯಾಪಾರಕ್ಕೆ ಅನುಕೂಲವೇ ಆಯಿತು.

ಇತ್ತ ರೈಲಿನಲ್ಲಿ ಬಿಡುವು ಕುಗ್ಗುತ್ತ ಬಂತು. ೧೯೯೦ರ ದಶಕದಲ್ಲಿ ಮಾರ್ಗವು ಬ್ರಾಡ್ ಗೇಜಿಗೆ ಪರಿವರ್ತಿತವಾಯಿತು. ಅನಂತರ ಜೋಡಿ ಹಳಿಯೂ ವಿದ್ಯುದೀಕರಣವೂ ಬಂದುವು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ೨೦೧೭ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ್ದು ಈ ಜೋಡಿ ಹಳಿಗಾಗಿಯೇ. ಎರಡು ಹಳಿಗಳಿದ್ದಲ್ಲಿ ಎದುರಿನ ಗಾಡಿಗಾಗಿ ಕಾಯಬೇಕಾಗಿಲ್ಲ. ಕಾಯದೆ ಇದ್ದಲ್ಲಿ ಫಲಾಹಾರಕ್ಕೆ ಎಡೆಯಿಲ್ಲ.

ಕೊನೆಯ ಬದಲಾವಣೆ ರಸ್ತೆಯದು. ೨೦೨೩ರ ಮಾರ್ಚ್ ೧೨ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಸುಮಾರು ೧೧೮ ಕಿಲೋಮೀಟರು ಉದ್ದದ ಈ ಮಾರ್ಗವು ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿ ಸಾಗುತ್ತದೆ. ಸುಮಾರು ಮೂರು ಗಂಟೆಯ ಪ್ರಯಾಣವು ಒಂದೂವರೆ ಗಂಟೆಯಷ್ಟಕ್ಕೆ ಇಳಿಯಿತು. ಒಂದೂವರೆ ಗಂಟೆಯ ಪ್ರಯಾಣಿಕನಿಗೆ ನಡುದಾರಿಯಲ್ಲಿ ಹಸಿವಾಗುವುದಿಲ್ಲ; ಹಸಿವಾದರೂ ಊರಿನೊಳಗೆ ಇಳಿಯಲು ಅವನು ಬೇಕೆಂದೇ ದಾರಿಯನ್ನು ಬಿಡಬೇಕು. ಹಳೆಯ ರಸ್ತೆಯ ಅಂಚಿನ ಹೋಟೆಲುಗಳೂ ಆಟಿಕೆ, ಎಳನೀರುಗಳ ಅಂಗಡಿಗಳೂ ಗಿರಾಕಿಗಳನ್ನು ಕಳೆದುಕೊಂಡುವು. ಇಲ್ಲಿ ನಷ್ಟಪಟ್ಟವರು ಮಾಲೀಕರು ಮಾತ್ರವಲ್ಲ. ಬಾಣಲೆಯ ಮುಂದೆ ನಿಂತ ಭಟ್ಟರು, ಮೇಜು ಒರೆಸುವ ಹುಡುಗರು, ಈರುಳ್ಳಿ ಹೆಚ್ಚುವ ಹೆಂಗಸರು, ಬುಟ್ಟಿ ಹೊತ್ತು ಮಾರುವವರು ಎಲ್ಲರೂ ಆ ನಿಲುಗಡೆಯನ್ನೇ ನಂಬಿದವರು. ರಸ್ತೆಯು ಉಳಿಸಿದ ಕಾಲವನ್ನು ಲೆಕ್ಕ ಹಾಕುವವರು ಈ ಜನರ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ವಡೆಯಾದರೋ ಅಳಿದಿಲ್ಲ. ಬೆಂಗಳೂರಿನ ಬೇಕರಿಗಳಲ್ಲಿ, ಮೈಸೂರಿನ ಅಂಗಡಿಗಳಲ್ಲಿ, ಓಡುವ ಗಾಡಿಗಳಲ್ಲಿ ಅದು ಮದ್ದೂರಿನ ಹೆಸರಿನಿಂದಲೇ ಮಾರಾಟವಾಗುತ್ತಿದೆ. ಹೆಸರು ಊರನ್ನು ಬಿಟ್ಟು ನಡೆದಿದೆ. ತಿಂಡಿಗೆ ಇದರಿಂದ ಹಾನಿಯಿಲ್ಲ; ಊರಿಗೆ ಹಾನಿಯಿದೆ. ಚರಿತ್ರೆಯ ಅಭ್ಯಾಸಿಗಳಿಗೂ ಹಾನಿಯಿದೆ. ಛತ್ರಗಳ ಕಾಲವು ಮುಗಿದರೂ ಅವುಗಳ ದತ್ತಿಯ ವಿವರವು ಕಲ್ಲಿನ ಮೇಲೆ ಉಳಿಯಿತು. ಹೋಟೆಲು ಮುಚ್ಚಿದರೆ ಅದರ ಲೆಕ್ಕದ ಪುಸ್ತಕಗಳು ರದ್ದಿಯ ಅಂಗಡಿಗೆ ಸೇರುತ್ತವೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ಮದ್ದೂರು, ಮಂಡ್ಯ, ಮಳವಳ್ಳಿಗಳ ಹಳೆಯ ಹೋಟೆಲುಗಳ ಜಮಾಖರ್ಚಿನ ಪುಸ್ತಕಗಳು, ದರಪಟ್ಟಿಗಳು, ಫಲಕಗಳು, ಛಾಯಾಚಿತ್ರಗಳು, ರೈಲ್ವೆಯವರು ನೀಡಿದ ಪರವಾನಗಿ ಪತ್ರಗಳು ಇವನ್ನು ಸಂಗ್ರಹಿಸಬೇಕು. ಅಡುಗೆಯವರು, ಬಡಿಸುವವರು, ನಿಲ್ದಾಣದ ಮಾರಾಟಗಾರರು ಇವರ ಹೇಳಿಕೆಗಳನ್ನು ಬರೆದುಕೊಳ್ಳಬೇಕು. ಈ ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಈ ಕಾರ್ಯವನ್ನು ಕೈಗೊಂಡರೆ ಎರಡು ಮೂರು ವರ್ಷಗಳಲ್ಲಿ ಒಂದು ಉಪಯುಕ್ತ ಸಂಗ್ರಹವು ಸಿದ್ಧವಾಗಬಲ್ಲುದು. ೧೯೧೭ರ ಕಥೆಯ ಬಲಾಬಲವನ್ನು ತೂಗಿನೋಡುವುದಕ್ಕೂ, ನಿಲುಗಡೆಯನ್ನು ನಂಬಿ ಬಾಳಿದ ಜನರ ಬದುಕನ್ನು ಅರಿಯುವುದಕ್ಕೂ ಅಂತಹ ಸಂಗ್ರಹವೇ ತಕ್ಕ ಸಾಧನವಾಗುವುದು.